ಹಿಡಿಕೆಯ ಬೆನ್ನು ಹತ್ತಿ ಮೂರೂವರೆ ದಿನ

ಶುಕ್ರವಾರ

ಸೋಮವಾರದ ನಾಮಕರಣಕ್ಕೆ ಶುಕ್ರವಾರವೇ ಬಂದಿಳಿದ ನನ್ನನ್ನು ಕಂಡು ಚಿಕ್ಕಮ್ಮನಿಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು. "ಕೆಲಸಕ್ಕೆ ಕೈ ಜೋಡಿಸಲು ಬಂದೆಯೋ, ಇನ್ನೇನಾದರೂ ಇದೆಯೋ?" ಎಂದರು. ಇನ್ನೇನೋ ಇತ್ತು. ನನಗೆ ಹಳೆಯ ಜಗ್ಗುಗಳ ಹುಚ್ಚು. ಹಿತ್ತಾಳೆ, ತಾಮ್ರ, ಎನಾಮಲ್, ಪಿಂಗಾಣಿ, ಯಾವುದಾದರೂ ಸರಿ. ದುಂಡನೆಯ ಹೊಟ್ಟೆ ಇರಬೇಕು, ಬಗ್ಗಿಸಿದರೆ ಸುರಿಯುವ ಮೂತಿ ಇರಬೇಕು, ಹಿಂದುಗಡೆ ಹಿಡಿಕೆ ಇರಬೇಕು. ಬೆಂಗಳೂರಿನ ಮನೆಯಲ್ಲಿ ಆಗಲೇ ಹನ್ನೊಂದು ಸೇರಿವೆ. ಅಲ್ಲಿನ ಅಂಗಡಿಗಳಲ್ಲಿ ವಸ್ತುವಿಗಿಂತ ಅದರ ಧೂಳಿಗೇ ಬೆಲೆ ಹೆಚ್ಚು. ಹನ್ನೆರಡನೆಯದನ್ನು ದಾವಣಗೆರೆ, ಚಿತ್ರದುರ್ಗದ ಪೇಟೆಗಳಲ್ಲೇ ಹುಡುಕಬೇಕೆಂದು ಎರಡು ದಿನ ರಜೆ ಹಾಕಿ ಬಂದಿದ್ದೆ.

ವಿಷಯ ಕೇಳಿ ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಳೆಯ ಪಾತ್ರೆ ಕೊಟ್ಟು ಸ್ಟೀಲು ತಂದವರು ನಾವು. ದುಡ್ಡು ಕೊಟ್ಟು ಹಳೆಯದನ್ನು ತರುವವಳನ್ನು ಈಗಲೇ ನೋಡುತ್ತಿರುವುದು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಅವರಿಗೆ ಎಪ್ಪತ್ತೊಂದು ವರ್ಷ. ಚೌಕಾಸಿ ಎಂದರೆ ಮಂಡಿನೋವು ಮರೆಯುತ್ತಾರೆ.

ಬೆಣ್ಣೆ ದೋಸೆಯ ವರ್ಣನೆ ಬರೆಯುವುದಿಲ್ಲ. ದಾವಣಗೆರೆಯ ಬಗ್ಗೆ ಬರೆದವರೆಲ್ಲ ಅದನ್ನೇ ಬರೆದಿದ್ದಾರೆ. ಎರಡು ತಿಂದು ಚೌಕಿಪೇಟೆಯ ಕಡೆ ನಡೆದೆವು.

ಇಂಥ ಊರುಗಳಲ್ಲಿ ಹಳೆಯ ಸಾಮಾನಿಗೆಂದೇ ಅಂಗಡಿ ಹುಡುಕಿಕೊಂಡು ಹೋಗುವುದು ದಡ್ಡತನ. ಹೊಸ ಪಾತ್ರೆ ಅಂಗಡಿಗೇ ಹೋಗಬೇಕು. ಮುಂದೆ ಕುಕ್ಕರು, ಸ್ಟೀಲ್ ಡಬ್ಬಿಗಳು ಥಳಥಳಿಸುತ್ತಿದ್ದರೆ ಒಳಗಡೆ ಏಣಿಯ ಕೆಳಗೆ, ಗೋಣಿಚೀಲದ ಮರೆಯಲ್ಲಿ, ಜನ ವಿನಿಮಯಕ್ಕೆ ಕೊಟ್ಟುಹೋದ ಹಿತ್ತಾಳೆ ತಾಮ್ರದ ರಾಶಿ ಬಿದ್ದಿರುತ್ತದೆ. ಅದು ಕರಗಲು ಕಾದಿರುವ ಮಾಲು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಲಾರಿ ಬರುತ್ತದೆ. ಅದಕ್ಕೆ ಮುಂಚೆ ನಾವು ಹೋಗಿದ್ದರೆ ನಮ್ಮ ಅದೃಷ್ಟ.

ಮೊದಲ ಅಂಗಡಿಯವರು ನಗುತ್ತಲೇ ರಾಶಿಯನ್ನು ತೋರಿಸಿದರು. ನೆಲದ ಮೇಲೆ ಕುಳಿತು ಒಂದೊಂದನ್ನೇ ಎತ್ತಿಟ್ಟೆ. ಬಿಂದಿಗೆ, ಕೊಡ, ತಂಬಿಗೆ, ಕೊಳಗ, ಪಂಚಪಾತ್ರೆ, ತುಪ್ಪದ ಗಿಂಡಿ, ತಳ ಸವೆದ ಹಂಡೆ. ಕೆಲವುಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿಸಿದ ಹೆಸರುಗಳು: ಮದುವೆಗೆ ಕೊಟ್ಟವರದು, ಗೃಹಪ್ರವೇಶಕ್ಕೆ ತಂದವರದು. ಎರಡನೆಯ ಅಂಗಡಿ, ಮೂರನೆಯ ಅಂಗಡಿ, ಮಂಡಿಪೇಟೆಯಲ್ಲಿ ಮತ್ತೊಂದು. ಎಲ್ಲ ಕಡೆಯೂ ಅದೇ ಬಿಂದಿಗೆ, ಅದೇ ತಂಬಿಗೆ. ಹಿಡಿಕೆ ಎಂಬುದು ಒಂದಕ್ಕೂ ಇಲ್ಲ.

ಇಷ್ಟು ವರ್ಷ ಜಗ್ಗು ಕೂಡಿಹಾಕುತ್ತಿದ್ದರೂ ಇದು ನನಗೆ ಹೊಳೆದಿರಲೇ ಇಲ್ಲ. ನೀರಿಗೆ ಇಷ್ಟು ಬಗೆಯ ಪಾತ್ರೆಗಳಿರುವ ನಮ್ಮಲ್ಲಿ ಹಿಡಿಕೆಯ ಪಾತ್ರೆ ಇಷ್ಟು ಅಪರೂಪವೇಕೆ? ಗಿಂಡಿಗೆ ಕೊಕ್ಕಿನಂತೆ ಮೂತಿ ಇದೆ, ಹಿಡಿಯುವುದು ಮಾತ್ರ ಕತ್ತಿನಲ್ಲೇ. ಚಿಕ್ಕಮ್ಮನನ್ನು ಕೇಳಿದೆ.

"ಬಾವಿಗೆ ಇಳಿಸುವಾಗ ಹಗ್ಗ ಇದೆ. ಮನೆಗೆ ತರುವಾಗ ಸೊಂಟ ಇದೆ. ಸೊಂಟ ಇದ್ದವರಿಗೆ ಹಿಡಿಕೆ ಯಾಕೆ?" ಎಂದರು.

ಬಿಂದಿಗೆಯ ಹೊಟ್ಟೆಯನ್ನು ಸೊಂಟದ ಬಾಗಿಗೆ ಇಟ್ಟು, ತೋಳನ್ನು ಅದರ ಕತ್ತಿನ ಸುತ್ತ ಬಳಸಿ ತೋರಿಸಿದರು ಕೂಡ. ಅಂಗಡಿಯ ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆಯಲು ಹೊರಟಾಗ ಥಟ್ಟನೆ ಕೆಳಗಿಟ್ಟರು.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಹಾಗಾದರೆ ಹಿಡಿಕೆ ಯಾರಿಗೆ ಬೇಕು? ಸೊಂಟದ ಮೇಲೆ ಹೊರದವರಿಗೆ, ಅಂದರೆ ದೂರ ಹೋಗುವವರಿಗೆ. ಕಮಂಡಲಕ್ಕೆ ಹಿಡಿಕೆ ಇದೆ, ಸನ್ಯಾಸಿ ಊರೂರು ಸುತ್ತುತ್ತಾನೆ. ರೈಲಿನಲ್ಲಿ ನಮ್ಮ ಅಜ್ಜ ಒಯ್ಯುತ್ತಿದ್ದ ತಿರುಪು ಮುಚ್ಚಳದ ಕೂಜಕ್ಕೂ ಹಿಡಿಕೆ ಇತ್ತು. ಕೂಜವೆಂಬ ಹೆಸರೇ ಪಾರಸಿಯ 'ಕೂಜಾ'ದಿಂದ ಬಂದದ್ದು. ಪಾತ್ರೆಯೂ ಪ್ರಯಾಣಿಕ, ಪದವೂ ಪ್ರಯಾಣಿಕ. ಈ ಸಿದ್ಧಾಂತ ನನಗೆ ಬಹಳ ಹಿಡಿಸಿತು. ಚಿಕ್ಕಮ್ಮನಿಗೆ ಹೇಳಿದೆ. ಅವರು ಟೊಮೆಟೊ ದರ ವಿಚಾರಿಸುತ್ತಿದ್ದರು.

ಸಂಜೆ ಒಂದು ತಪ್ಪು ಮಾಡಿದೆ. ಅಲಂಕಾರದ ಸಾಮಾನು ಮಾರುವ ಒಂದು ಅಂಗಡಿಯ ಗಾಜಿನ ಹಿಂದೆ ಎತ್ತರದ, ಸಪೂರ ಕತ್ತಿನ ಹಿತ್ತಾಳೆ ಜಗ್ಗು ನಿಂತಿತ್ತು. ಮೈತುಂಬ ಬಳ್ಳಿ, ಸಂದುಗಳಲ್ಲಿ ಕಪ್ಪು, ಅಡಿಯಲ್ಲಿ ಹಸಿರು ಕಿಲುಬು. "ನಿಜಾಮರ ಕಡೆಯದು" ಎಂದರು. ಬೆಳಗಿನಿಂದ ಹಿಡಿಕೆಯನ್ನೇ ಕಾಣದೆ ಹಸಿದಿದ್ದ ನಾನು 2,800 ರೂಪಾಯಿ ಕೊಟ್ಟೆ. ಚಿಕ್ಕಮ್ಮ ಆಗ ಪಕ್ಕದಲ್ಲಿರಲಿಲ್ಲ, ಬಳೆ ಅಂಗಡಿಯಲ್ಲಿದ್ದರು.

ರಾತ್ರಿ ಊಟವಾದ ಮೇಲೆ ಫ್ರಿಜ್ಜಿನ ಬಾಗಿಲಿನ ಗಣಪತಿ ಆಯಸ್ಕಾಂತವನ್ನು ತಂದು ಜಗ್ಗಿನ ಹೊಟ್ಟೆಗೆ ಹಿಡಿದೆ. ಗಣಪತಿ ಗಟ್ಟಿಯಾಗಿ ಕಚ್ಚಿಕೊಂಡ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ. ನಾನು ತಂದದ್ದು ಹಿತ್ತಾಳೆಯ ಲೇಪ ಹೊದ್ದ ಕಬ್ಬಿಣ. ಟಾರ್ಚು ಹಾಕಿ ಒಳಗೆ ನೋಡಿದರೆ ಗ್ರಾಮಫೋನ್ ತಟ್ಟೆಯಂತೆ ಸುತ್ತು ಸುತ್ತು ಸಣ್ಣ ಗೆರೆಗಳು, ಯಂತ್ರದಲ್ಲಿ ತಿರುಗಿಸಿದ್ದರ ಗುರುತು. ಕಿಲುಬನ್ನು ಉಗುರಿನಿಂದ ಕೆರೆದರೆ ಬಣ್ಣದಂತೆ ಪುಡಿಪುಡಿಯಾಗಿ ಬಂತು. ಇದೆಲ್ಲ ನನಗೆ ಗೊತ್ತಿರದ ವಿದ್ಯೆಯಲ್ಲ. ಹನ್ನೊಂದು ಜಗ್ಗು ಕೊಂಡವಳು. ಆಸೆ ಬಂದಾಗ ಆಯಸ್ಕಾಂತ ಮನೆಯಲ್ಲೇ ಉಳಿದುಬಿಡುತ್ತದೆ.

"ನಿಜಾಮರು ಬಡವರಾಗಿದ್ದಿರಬೇಕು" ಎಂದು ಚಿಕ್ಕಮ್ಮ ಅದನ್ನು ತುಳಸಿಗೆ ನೀರು ಹಾಕಲು ಎತ್ತಿಕೊಂಡರು.

ಶನಿವಾರ

ಚಿತ್ರದುರ್ಗ ದಾವಣಗೆರೆಯಿಂದ ಹೆಚ್ಚು ಕಡಿಮೆ ಅರವತ್ತು ಕಿಲೋಮೀಟರು. ಬೆಳಿಗ್ಗೆ ಏಳರ ಬಸ್ಸು ಹಿಡಿದೆವು. ಗಣಪತಿ ಆಯಸ್ಕಾಂತ ಈ ಸಲ ನನ್ನ ಕೈಚೀಲದಲ್ಲಿತ್ತು.

ಪೇಟೆಯ ಅಂಗಡಿಗಳು ತೆರೆಯುವುದು ತಡ, ಜೊತೆಗೆ ಏಕನಾಥೇಶ್ವರಿಗೆ ಕೈಮುಗಿಯದೆ ದುರ್ಗದಿಂದ ಮರಳುವುದು ಚಿಕ್ಕಮ್ಮನಿಗೆ ಸಮ್ಮತವಿಲ್ಲ. ಹಾಗಾಗಿ ಮೊದಲು ಕೋಟೆ. ಏಳು ಸುತ್ತಿನ ಕೋಟೆಯನ್ನು ನಾನು ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಆಗ ನೆನಪಿಗೆ ಉಳಿದದ್ದು ಕೋತಿಗಳು ಮಾತ್ರ. ಈಗ ಕಣ್ಣಿಗೆ ಬಿದ್ದದ್ದೆಲ್ಲ ತುಂಬಿಡುವ, ಸುರಿಯುವ ವಿಚಾರಗಳೇ. ಎಣ್ಣೆ ಶೇಖರಿಸಲು ನೆಲದಲ್ಲೇ ಕಟ್ಟಿದ ಎಣ್ಣೆಕೊಳ. ಒಂದು ಬತೇರಿಯ ಹೆಸರೇ ತುಪ್ಪದ ಕೊಳದ ಬತೇರಿ. ಮಳೆನೀರು ಹಿಡಿದಿಡುವ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ. ಇಡೀ ಬೆಟ್ಟವನ್ನೇ ಪಾತ್ರೆಯನ್ನಾಗಿ ಮಾಡಿಕೊಂಡ ಜನ.

ಓಬವ್ವನ ಕಿಂಡಿಯ ಬಳಿ ಒಬ್ಬ ಮಾರ್ಗದರ್ಶಿ ಕಾಲೇಜು ಹುಡುಗರ ಗುಂಪಿಗೆ ಕಥೆ ಹೇಳುತ್ತಿದ್ದರು. ಹೈದರಾಲಿಯ ದಂಡು ಮುತ್ತಿದ್ದ ಕಾಲ, ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾನೆ, ಮನೆಯಲ್ಲಿ ನೀರಿಲ್ಲ, ತರಲು ಹೋದ ಓಬವ್ವ ಕಿಂಡಿಯಲ್ಲಿ ಶತ್ರುಗಳು ನುಸುಳುತ್ತಿರುವುದನ್ನು ಕಾಣುತ್ತಾಳೆ, ಒನಕೆ ಹಿಡಿಯುತ್ತಾಳೆ. ಚಿತ್ರದಲ್ಲಿ, ವಿಗ್ರಹದಲ್ಲಿ, ವೃತ್ತದಲ್ಲಿ ಎಲ್ಲ ಕಡೆಯೂ ಒನಕೆ. ಅವಳು ನೀರಿಗೆಂದು ಒಯ್ದ ಕೊಡ ಏನಾಯಿತು? ಇದನ್ನು ಮಾರ್ಗದರ್ಶಿಯನ್ನು ಕೇಳಿಯೇಬಿಟ್ಟೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ತಣ್ಣೀರು ದೋಣಿಯ ಹತ್ತಿರ ಇಟ್ಟಿರಬೇಕು, ಮೇಡಂ" ಎಂದು ಆ ಕಡೆ ಕೈ ತೋರಿಸಿದರು. ಬಂಡೆಯ ಸಂದಿಯ ಆ ಪುಟ್ಟ ನೀರಿನ ತಾಣ ಕಿಂಡಿಗೆ ಹತ್ತಿರವೇ. ಹುಡುಗರು ನಕ್ಕರು. ಚಿಕ್ಕಮ್ಮ ಮಾತ್ರ ಗಂಭೀರವಾಗಿ, "ಮಣ್ಣಿನದಾಗಿದ್ದರೆ ಒಡೆದಿರುತ್ತದೆ, ಹಿತ್ತಾಳೆಯದಾಗಿದ್ದರೆ ಯಾರೋ ಒಯ್ದಿರುತ್ತಾರೆ" ಎಂದರು. ಕೋಟೆ 1779ರಲ್ಲಿ ಹೈದರಾಲಿಯ ಕೈಸೇರಿತು. ಓಬವ್ವನ ಕೊಡಕ್ಕೆ ಹಿಡಿಕೆ ಇರಲಿಲ್ಲ ಎಂಬುದರ ಬಗ್ಗೆ ನಮ್ಮಿಬ್ಬರಿಗೂ ಅನುಮಾನವಿಲ್ಲ.

ಮಡಕೆಗಳ ಮಾತು ಬಂದಾಗ ದುರ್ಗದಲ್ಲಿ ಚಂದ್ರವಳ್ಳಿಯನ್ನು ಬಿಡುವುದು ಹೇಗೆ? 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಇಲ್ಲಿನ ಚಂದ್ರವಳ್ಳಿಯನ್ನೂ ಅಗೆಸಿದಾಗ ಸಿಕ್ಕ ಚೂರುಗಳಲ್ಲಿ ಕೆಂಗಂದು ಮೈಯ ಮೇಲೆ ಬಿಳಿ ಗೆರೆ ಎಳೆದ ಮಡಕೆಗಳಿದ್ದವು. ರೋಮ್‌ನ ಬೆಳ್ಳಿ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ದೊರೆತಿವೆ. ದೂರದ ಸಾಮಾನು ಈ ಬಂಡೆಗಳ ನಡುವೆ ಬಂದು ಬೀಳುವುದು ಹೊಸತಲ್ಲ ಎಂದುಕೊಂಡೆ. ಆದರೆ ಬಿಸಿಲೇರಿತ್ತು, ಚಿಕ್ಕಮ್ಮನ ಮಂಡಿ ನೆನಪಾಗಿತ್ತು, ಚಂದ್ರವಳ್ಳಿಗೆ ಹೋಗಲಿಲ್ಲ.

ಇಳಿದು ಬಂದು ಮಜ್ಜಿಗೆ ಕುಡಿದು ಲಕ್ಷ್ಮೀ ಬಜಾರಿನಿಂದ ಶುರು ಮಾಡಿದೆವು. ಪಾತ್ರೆ ಅಂಗಡಿಯೊಂದರ ಯಜಮಾನರು ನಾಲ್ಕನೆಯ ಅಂಗಡಿಗೆ ಕಳಿಸಿದರು, ಅವರು ಇನ್ನೊಂದು ಓಣಿಗೆ. ಕೊನೆಗೆ ತಲುಪಿದ್ದು ಹಳೆಯ ಮನೆಯ ಪಡಸಾಲೆಯಂಥ ಒಂದು ಅಂಗಡಿ. ಹಳೆಯ ಗಡಿಯಾರ, ಲಾಟೀನು, ಕಾಲು ಮುರಿದ ಮಂಚ, ರೇಡಿಯೋ, ಮತ್ತು ಗೋಡೆಯ ಗೂಡಿನಲ್ಲಿ ಸಾಲಾಗಿ ಐದು ಜಗ್ಗುಗಳು. ನನ್ನ ಮುಖ ನೋಡಿಯೇ ಅಂಗಡಿಯವರು ಬೆಲೆ ಏರಿಸಿದ್ದು ಚಿಕ್ಕಮ್ಮನಿಗೆ ಗೊತ್ತಾಯಿತಂತೆ.

ಮೊದಲನೆಯದು ಎನಾಮಲ್. ಬಿಳಿ ಮೈ, ನೀಲಿ ಅಂಚು, ಮೂತಿಯ ಬಳಿ ಚಕ್ಕೆ ಎದ್ದು ಕಬ್ಬಿಣ ಕಾಣುತ್ತಿತ್ತು. ಎನಾಮಲ್ ಎಂದರೆ ಗಾಜೇ. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಲೇಪಿಸಿ ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಅಂಟಿಸುತ್ತಾರೆ. ಅದಕ್ಕೇ ಅದು ಬಿದ್ದರೆ ನೆಗ್ಗುವುದಷ್ಟೇ ಅಲ್ಲ, ಸಿಡಿಯುತ್ತದೆ. ಸಿಡಿದ ಜಾಗದ ತುಕ್ಕು ಅದರ ಜಾತಕ. ನಿಜವಾದ ಹಳೆಯ ತುಕ್ಕು ಕಪ್ಪಗೆ, ಗಟ್ಟಿಯಾಗಿ, ಗಾಜಿನ ಅಂಚಿನ ಕೆಳಕ್ಕೂ ಹಬ್ಬಿರುತ್ತದೆ; ಮೊನ್ನೆ ಮಾಡಿದ ತುಕ್ಕು ಕಿತ್ತಳೆ ಬಣ್ಣದ ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಇದು ಕಪ್ಪಗೇ ಇತ್ತು. ಅಡಿಯಲ್ಲಿ 'ಬೆಂಗಾಲ್ ಎನಾಮಲ್' ಮುದ್ರೆ. ಇಂಥದೇ ಒಂದು ನನ್ನಲ್ಲಿ ಇದೆ, ಬಿಟ್ಟೆ.

ಎರಡನೆಯದಕ್ಕೆ ಉಸಿರು ಸಿಕ್ಕಿಕೊಂಡಿತು. ಗೇಣುದ್ದವೂ ಇಲ್ಲದ ಪಿಂಗಾಣಿ ಹಾಲಿನ ಜಗ್ಗು, ಹೊಟ್ಟೆಯ ಮೇಲೆ ಒಂದು ಗುಲಾಬಿ. ಮಗುಚಿದರೆ ಕೆಂಪು ಅಕ್ಷರದಲ್ಲಿ 'ಮೇಡ್ ಇನ್ ಆಕ್ಯುಪೈಡ್ ಜಪಾನ್'. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನು 1945ರಿಂದ 1952ರವರೆಗೆ ಮಿತ್ರರಾಷ್ಟ್ರಗಳ ವಶದಲ್ಲಿತ್ತು. ಹೊರದೇಶಕ್ಕೆ ಹೋಗುವ ಸಾಮಾನಿನ ಮೇಲೆ ಆಗ ಇಂಥ ಮುದ್ರೆ ಹಾಕುತ್ತಿದ್ದರು. ಬೇರೆ ಮುದ್ರೆಗಳಿಗೆ ವರ್ಷ ಹಚ್ಚಲು ತಿಣುಕಬೇಕು. ಇದು ತನ್ನ ಹುಟ್ಟಿದ ಕಾಲವನ್ನು ತಾನೇ ಹೇಳುತ್ತದೆ. ಅದೇ ರೀತಿ ಇಂಗ್ಲೆಂಡಿನ ಪಿಂಗಾಣಿಯ ಅಡಿಯಲ್ಲಿ 'ಇಂಗ್ಲೆಂಡ್' ಎಂಬ ಹೆಸರು ಸಾಮಾನ್ಯವಾದದ್ದು 1891ರಿಂದ ಈಚೆಗೆ, ಆಮದಾಗುವ ಸಾಮಾನಿನ ಮೇಲೆ ದೇಶದ ಹೆಸರಿರಲೇಬೇಕೆಂದು ಅಮೆರಿಕ ಕಾನೂನು ಮಾಡಿದ ಮೇಲೆ. ಸಾವಿರಾರು ಮೈಲಿ ಆಚೆಯ ಸುಂಕದ ಕಾನೂನು ಚಿತ್ರದುರ್ಗದ ಗೂಡಿನಲ್ಲಿ ಕುಳಿತ ಜಗ್ಗಿಗೆ ವಯಸ್ಸು ಹೇಳುತ್ತದೆ.

ಜಪಾನಿನ ಜಗ್ಗನ್ನು ಹಿಡಿಕೆಯಿಂದ ಎತ್ತಲಿಲ್ಲ. ಹಳೆಯ ಪಿಂಗಾಣಿಯನ್ನು ಎರಡೂ ಅಂಗೈಗಳಲ್ಲಿ ಹೊಟ್ಟೆ ಹಿಡಿದೇ ಎತ್ತಬೇಕು, ಹಿಡಿಕೆಯನ್ನು ನಂಬಬಾರದು. ಚಿಕ್ಕಮ್ಮ ಅದನ್ನು ಕೈಗೆ ತೆಗೆದುಕೊಂಡು, ಕುಂಬಾರರ ಮುಂದೆ ಮಡಕೆ ತಟ್ಟುವಂತೆ ಬೆರಳ ಗೆಣ್ಣಿನಿಂದ ತಟ್ಟಿದರು. ಬಿರುಕಿಲ್ಲದ ಪಿಂಗಾಣಿ ಗಂಟೆಯಂತೆ ಕೊಂಚ ಹೊತ್ತು ಗುನುಗಬೇಕು. ಇದು 'ಟಕ್' ಎಂದು ಸುಮ್ಮನಾಯಿತು. ಬೆಳಕಿಗೆ ಹಿಡಿದರೆ ಹಿಡಿಕೆ ಎರಡೂ ತುದಿಯಲ್ಲಿ ಮುರಿದು ಅಂಟಿಸಿದ್ದು, ಗೋಂದು ಹಳದಿಯಾಗಿತ್ತು. "ಹಿಡಿಕೆಯೇ ಇಲ್ಲದಿದ್ದರೆ ಮುರಿಯುತ್ತಲೂ ಇರಲಿಲ್ಲ" ಎಂದು ನನ್ನ ಕಡೆ ನೋಡಿದರು. 1,500 ರೂಪಾಯಿ ಹೇಳಿದರು. ಬೇಡವೆಂದು ಇಟ್ಟೆ, ಮತ್ತೆ ಎತ್ತಿದೆ, ಮತ್ತೆ ಇಟ್ಟೆ. ಈ ಸಾಲು ಬರೆಯುವಾಗಲೂ ಅದನ್ನು ತಂದುಬಿಡಬೇಕಿತ್ತು ಅನ್ನಿಸುತ್ತಿದೆ.

ಉಳಿದವುಗಳಲ್ಲಿ ಬೆಳ್ಳಿಯಂತೆ ಹೊಳೆಯುತ್ತಿದ್ದ ಒಂದರ ಅಡಿಯಲ್ಲಿ 'ಇ.ಪಿ.ಎನ್.ಎಸ್.' ಎಂದಿತ್ತು. ಅಂಗಡಿಯವರು ಅದನ್ನು ಬೆಳ್ಳಿ ಎಂದೇ ಹೇಳಿದರು. ಅದರೊಳಗಿನ ಲೋಹದ ಹೆಸರು ನಿಕ್ಕಲ್ ಸಿಲ್ವರ್, ಆದರೆ ಆ ಸಿಲ್ವರಿನಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ. ತಾಮ್ರ, ಸತು, ನಿಕ್ಕಲ್ ಬೆರಸಿ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಟ್ಟಿರುತ್ತಾರೆ ಅಷ್ಟೇ. ನಾಲ್ಕನೆಯದು ಸೀಳಿತ್ತು. ಐದನೆಯ ತಾಮ್ರದ ಜಗ್ಗನ್ನು ತೋರಿಸಿ, "ಇದು ಮದಕರಿ ನಾಯಕರ ಕಾಲದ್ದು" ಎಂದರು. ಒಳಗೆ ಮತ್ತೆ ಗ್ರಾಮಫೋನ್ ಗೆರೆಗಳು. ನಾನು ಸುಮ್ಮನಿರಲಾರದೆ, ನೂರು ವರ್ಷ ದಾಟಿದ ವಸ್ತು 1972ರ ಕಾಯಿದೆಯ ಪ್ರಕಾರ ಪುರಾವಸ್ತು, ಅದನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು, ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ ಎಂದೆ. ಅವರು ಒಂದಿಷ್ಟೂ ಅಳುಕದೆ, "ಹಾಗಾದರೆ ತೊಂಬತ್ತು ವರ್ಷದ್ದು ಎಂದು ತಿಳಿದುಕೊಳ್ಳಿ ಅಮ್ಮಾ" ಎಂದರು. ಈ ಮಾತಿಗಾದರೂ ಏನಾದರೂ ಕೊಳ್ಳಬೇಕಿತ್ತು. ಚಿಕ್ಕಮ್ಮ ಒಂದು ಹಳೆಯ ಸಟ್ಟುಗವನ್ನು ಎಂಬತ್ತು ರೂಪಾಯಿಗೆ ಇಳಿಸಿ ಕೊಂಡರು.

ಮರಳುವ ಬಸ್ಸಿನಲ್ಲಿ ಅವರು ನಿದ್ದೆ ಹೋದರು. ನಾನು ಬರಿಗೈಯಲ್ಲಿ ಕಿಟಕಿಯ ಹೊರಗೆ ಗಾಳಿಯಂತ್ರಗಳನ್ನು ನೋಡುತ್ತ ಕುಳಿತೆ.

ಭಾನುವಾರ

ಬೆಳಿಗ್ಗೆ ಪಕ್ಕದ ಮನೆಯವರು ನಾಮಕರಣಕ್ಕೆ ಬಾಡಿಗೆ ಪಾತ್ರೆ ತರಲು ಹೊರಟಿದ್ದರು. ಅವರ ಜೊತೆ ಹೋದ ಚಿಕ್ಕಮ್ಮ ಅರ್ಧ ಗಂಟೆಗೆ ಫೋನು ಮಾಡಿ, "ಇಲ್ಲೊಂದು ಹಿಡಿಕೆ ಇದೆ, ಬೇಗ ಬಾ" ಎಂದರು. ಜಗ್ಗು ಎನ್ನಲಿಲ್ಲ, ಹಿಡಿಕೆ ಎಂದರು.

ಅದು ಗುಜರಿ ಅಂಗಡಿ. ಪತ್ರಿಕೆ, ಬಾಟಲಿ, ಸೈಕಲ್ ಚಕ್ರಗಳ ನಡುವೆ ಒಂದು ಹಿತ್ತಾಳೆ ಚೊಂಬು ಬಿದ್ದಿತ್ತು. ಹಿಡಿಕೆಯೊಂದನ್ನು ಬಿಟ್ಟರೆ ನಮ್ಮೆಲ್ಲರ ಮನೆಗಳಲ್ಲಿರುವ ದೊಡ್ಡ ಚೊಂಬೇ. ಬಾಯಿಯ ಒಂದು ಕಡೆಯನ್ನು ಯಾರೋ ಇಕ್ಕಳದಲ್ಲಿ ಹಿಡಿದು ಹೊರಕ್ಕೆ ಬಾಗಿಸಿ ಮೂತಿ ಮಾಡಿದ್ದರು. ಅದರ ಎದುರು ಬದಿಗೆ ಹೆಬ್ಬೆರಳಗಲದ ಹಿತ್ತಾಳೆ ಪಟ್ಟಿಯನ್ನು ಬಗ್ಗಿಸಿ, ಮೂರು ತಾಮ್ರದ ಮೊಳೆ ಬಡಿದು ಹಿಡಿಕೆ ಕೂರಿಸಿದ್ದರು. ಮೊಳೆಗಳ ತಲೆಯನ್ನು ಒಳಗಡೆ ಸುತ್ತಿಗೆಯಿಂದ ಚಪ್ಪಟೆ ಮಾಡಿತ್ತು. ಗಣಪತಿ ಅಂಟಲಿಲ್ಲ. ಒಳಗೆ ಸುರುಳಿ ಗೆರೆಗಳಿಲ್ಲ. ಬದಲಿಗೆ ಸುತ್ತಿಗೆಯ ಗುಳಿಗಳು, ಹೊಟ್ಟೆಯ ನಡುವೆ ಎರಡು ತಗಡುಗಳನ್ನು ಹಲ್ಲಿಗೆ ಹಲ್ಲು ಕಚ್ಚಿಸಿ ಬೆಸೆದ ಅಂಕುಡೊಂಕು ಗೆರೆ. ಕೈಯಿಂದ ಬಡಿದದ್ದು. ಹಿಡಿಕೆಯ ಒಳಬದಿ ನಾಲ್ಕು ಬೆರಳಿನ ಜಾಗದಲ್ಲಿ ಮಾತ್ರ ಸವೆದು ನುಣುಪಾಗಿತ್ತು. ಮೋಸ ಮಾಡುವವರು ಇಡೀ ಪಾತ್ರೆಯನ್ನು ಹಳತು ಮಾಡುತ್ತಾರೆ, ಬೆರಳು ಕೂರುವ ಜಾಗವನ್ನು ಬೇರೆಯಾಗಿ ಸವೆಸುವ ತಾಳ್ಮೆ ಅವರಿಗಿಲ್ಲ.

ಕಂಠದ ಮೇಲೆ ಚುಕ್ಕಿಯಲ್ಲಿ ಕುಟ್ಟಿದ ಒಂದು ಕನ್ನಡ ಅಂಕಿ: ೭. ಅದರ ಪಕ್ಕದಲ್ಲಿ ಅರೆ ಅಳಿಸಿದ ಅಕ್ಷರಗಳನ್ನು ಸೆರಗಿನಿಂದ ಉಜ್ಜಿ, ಚಿಕ್ಕಮ್ಮ ಕನ್ನಡಕ ಮೇಲೇರಿಸಿ ಓದಿದರು. "...ನಾವಳಿ." ಖಾನಾವಳಿ! ಯಾವುದೋ ಖಾನಾವಳಿಯ ಏಳನೆಯ ನಂಬರಿನ ನೀರಿನ ಚೊಂಬು. ಹತ್ತಿ ಗಿರಣಿಗಳ ಸೈರನ್ನಿಗೆ ಊರು ಏಳುತ್ತಿದ್ದ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ, ಆಗಿನ ಊಟದ ಸಾಲುಗಳನ್ನು ಊಹಿಸಿಕೊಂಡೆ.

ನನ್ನ ಪ್ರಯಾಣದ ಸಿದ್ಧಾಂತ ಅಲ್ಲೇ ಕುಸಿಯಿತು. ಈ ಚೊಂಬು ಎಲ್ಲಿಗೂ ಪ್ರಯಾಣ ಮಾಡಿಲ್ಲ, ಅಡುಗೆಮನೆಯಿಂದ ಪಂಕ್ತಿಯ ತುದಿಯವರೆಗೆ ಹೋಗಿ ಬಂದಿದೆ. ಮನೆಯಲ್ಲಿ ತಂಬಿಗೆ ಎತ್ತಿ ಕುಡಿಯುವವನಿಗೆ ಹಿಡಿಕೆ ಬೇಕಿಲ್ಲ. ಇನ್ನೊಬ್ಬರ ಲೋಟಕ್ಕೆ, ಆಮೇಲೆ ಮತ್ತೊಬ್ಬರದಕ್ಕೆ, ಹೀಗೆ ನಲವತ್ತು ಎಲೆಗಳ ಮುಂದೆ ಬಗ್ಗಿ ಬಗ್ಗಿ ಸುರಿಯುವವನ ಮಣಿಕಟ್ಟು ಸೋಲುತ್ತದೆ. ಅವನೇ ಯಾರೋ ಕಂಚುಗಾರರ ಬಳಿ ಹೋಗಿ ಇದಕ್ಕೊಂದು ಹಿಡಿಕೆ ಹಾಕಿಕೊಡಿ ಎಂದಿರಬೇಕು. ಇದನ್ನು ಹೇಳಿದಾಗ ಚಿಕ್ಕಮ್ಮ ಮೊದಲ ಸಲ ಒಪ್ಪಿದರು. "ಮದುವೆಮನೆಯಲ್ಲಿ ನೀರು ಬಡಿಸಿದವರಿಗೆ ಇದನ್ನು ಮೂರು ದಿನ ಹುಡುಕಬೇಕಿರಲಿಲ್ಲ" ಎಂದೂ ಸೇರಿಸಿದರು.

ತೂಕಕ್ಕೆ ಹಾಕಿದರೆ ಒಂದು ಕಿಲೋ ನಾನೂರು ಗ್ರಾಂ. ಗುಜರಿಯವರು ಸಾವಿರ ಎಂದರು. ಚಿಕ್ಕಮ್ಮ ತಾಮ್ರದ ಮೊಳೆ ಹಿತ್ತಾಳೆಯಲ್ಲ ಎಂದು ವಾದಿಸಿ ಒಂಬೈನೂರಕ್ಕೆ ತಂದರು. ತಾಮ್ರಕ್ಕೆ ಹಿತ್ತಾಳೆಗಿಂತ ಬೆಲೆ ಹೆಚ್ಚೆಂದು ಅವರಿಗೂ ಗೊತ್ತು, ಅಂಗಡಿಯವರಿಗೂ ಗೊತ್ತು. ವಾದದ ಚಂದಕ್ಕೆ ಬಿಟ್ಟುಕೊಟ್ಟಿರಬೇಕು.

ನೀರು ಹಾಕಿ ನೋಡಿದರೆ ಒಂದು ಮೊಳೆಯ ಬುಡದಿಂದ ಸೋರುತ್ತಿತ್ತು, ಒಳಗಿನ ಕಲಾಯಿಯೂ ಹೋಗಿತ್ತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮಜ್ಜಿಗೆ, ಹುಳಿ ಇಟ್ಟರೆ ಕಿಲುಬೇಳುತ್ತದೆ, ಅದು ವಿಷ. ಕಲಾಯಿ ಹಾಕುವ ಒಬ್ಬ ಹಿರಿಯರ ಮನೆಯನ್ನು ಗುಜರಿಯವರೇ ತೋರಿಸಿದರು. ಅಂಗಳದಲ್ಲಿ ಇದ್ದಿಲ ಒಲೆ; ಹಿಂದೆ ಚರ್ಮದ ತಿದಿ ಇತ್ತಂತೆ, ಈಗ ಸಣ್ಣ ಬ್ಲೋಯರು. ಚೊಂಬನ್ನು ಮರಳು, ಹುಣಸೆಹಣ್ಣು ಹಾಕಿ ತಿಕ್ಕಿ, ಕೆಂಡದ ಮೇಲೆ ತಿರುಗಿಸಿ ಕಾಯಿಸಿ, ಒಳಗೆ ಚಿಟಿಕೆ ನವಸಾಗರ ಎಸೆದರು. ದಟ್ಟ ಬಿಳಿ ಹೊಗೆ ಎದ್ದು ನಮ್ಮಿಬ್ಬರಿಗೂ ಕೆಮ್ಮು. ಆ ಹೊಗೆಯಲ್ಲೇ ತವರದ ಕಡ್ಡಿಯನ್ನು ಒಳಮೈಗೆ ತಾಗಿಸಿದರು. ತವರ 232 ಡಿಗ್ರಿಗೇ ಕರಗುವ ಸುಲಭದ ಲೋಹ, ಬೆಣ್ಣೆಯಂತೆ ಜಾರಿತು. ಅರಳೆಯಿಂದ ಒಂದೇ ಸುತ್ತು ಸವರಿದರು, ಹಳದಿ ಕಪ್ಪಾಗಿದ್ದ ಒಳಮೈ ಕನ್ನಡಿಯಾಯಿತು. ಮೊಳೆಯ ಬುಡಕ್ಕೆ ಇನ್ನೊಂದು ಚೂರು ತವರ ಹೆಚ್ಚಾಗಿ ಇಳಿಸಿ ನೀರಿಗೆ ಅದ್ದಿದರು. ಚುಯ್ ಎಂದಿತು. ಸೋರುವುದು ನಿಂತಿತು.

"ಹೊರಗೂ ಪಾಲಿಶ್ ಮಾಡಿಕೊಡಲೇ?" ಎಂದು ಕೇಳಿದರು. ಬೇಡ ಎಂದೆ. ಹೊರಗೆ ಉಜ್ಜಿದರೆ ಆ ೭ ಅಳಿದುಹೋಗುತ್ತದೆ. ಇನ್ನೂರೈವತ್ತು ರೂಪಾಯಿ.

ಸೋಮವಾರ

ನಾಮಕರಣದ ಊಟದಲ್ಲಿ ಮೊದಲ ಪಂಕ್ತಿಗೆ ನಾನೇ ನೀರು ಬಡಿಸಿದೆ. ಸ್ಟೀಲ್ ಜಗ್ಗುಗಳಿದ್ದವು, ಆದರೂ ನಂಬರ್ ೭ ಅನ್ನೇ ಹಿಡಿದೆ. ಮೂತಿಯಿಂದ ಕೊನೆಯ ಹನಿ ಹಿಂದಕ್ಕೆ ಜಾರಿ ಹೊಟ್ಟೆಯ ಮೇಲೆ ಇಳಿಯುತ್ತದೆ. ಬಾಗಿಸಿದವರು ಅಂಚನ್ನು ಇನ್ನಷ್ಟು ತೀಕ್ಷ್ಣ ಮಾಡಬೇಕಿತ್ತು. ಒಬ್ಬರ ಪಂಚೆಯ ಮೇಲೆ ನೀರು ಬಿತ್ತು. ಹದಿನಾಲ್ಕನೆಯ ಎಲೆಯ ಹೊತ್ತಿಗೆ ನನ್ನ ನಾಲ್ಕು ಬೆರಳು ಆ ಸವೆದ ಜಾಗದಲ್ಲಿ ತಾವಾಗಿಯೇ ಕೂತವು.

ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಚೊಂಬನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದೆ. ಚಿಕ್ಕಮ್ಮ ಕಿತ್ತುಕೊಂಡು, ಖಾಲಿ ಪಾತ್ರೆಯನ್ನು ಮನೆಯಿಂದ ಕಳಿಸುವ ಪದ್ಧತಿ ಇಲ್ಲ, ಮೇಲಾಗಿ ಚೀಲದಲ್ಲಿ ನೆಗ್ಗುತ್ತದೆ ಎಂದು ಕಂಠದವರೆಗೆ ಖಾರ ಮಂಡಕ್ಕಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟರು. ಹಿರಿಯೂರು ದಾಟುವಷ್ಟರಲ್ಲಿ ಅದು ಅರ್ಧ ಖಾಲಿಯಾಗಿತ್ತು.